ಗೆಜ್ಜೆ ಕಟ್ಟಿದ ಟ್ರಕ್

ಭೂಮಿಯ ಮೇಲಿರುವ ಮನುಷ್ಯರೆಲ್ಲ ತಮ್ಮ ಗಾಡಿ ಬೇಗ ಓಡಲಿ ಎಂದು ಒದ್ದಾಡುತ್ತಾರೆ. ಬೇಗ ಓಡುವ ಗಾಡಿಯೊಂದನ್ನು ಹಠ ಹಿಡಿದು, ಊಟ ತಿಂಡಿ ಮರೆತು, ಬೆರಳು ಸುಟ್ಟುಕೊಂಡು ನಿಧಾನ ಮಾಡಿದ ಒಬ್ಬನೇ ಒಬ್ಬ ಮನುಷ್ಯನನ್ನು ನಾನು ಬಲ್ಲೆ. ಅವರು ನನ್ನ ಹೆಂಡತಿಯ ಚಿಕ್ಕಪ್ಪ. ಅವರನ್ನು ನೋಡಿಕೊಂಡು ಬರಲು ಹೋದ ನಾನು, ದಿಲ್ಲಿಯ ಅಂಚಿನ ಇಂದಿರಾಪುರಂನ ನಡುರಸ್ತೆಯಲ್ಲಿ, ಪದವೀಧರನೆಂಬುದನ್ನೂ ಮರೆತು, "ಅವ್ವಾ!" ಎಂದು ಕೂಗಿಕೊಂಡಿದ್ದೇನೆ. ಹೆದರಿಸಿದ್ದು ಯಾರು ಅಂತೀರಿ? ಒಂದೂವರೆ ಅಡಿ ಉದ್ದದ ಟ್ರಕ್!

ಪದವಿಯ ಮಾತು ಬಂದಾಗ ನಾನು ಒಂದೆರಡು ವಾಕ್ಯ ಹೆಚ್ಚಿಗೆ ಆಡುತ್ತೇನೆ, ಸಹಿಸಿಕೊಳ್ಳಬೇಕು. ನಮ್ಮಪ್ಪ ದಾವಣಗೆರೆಯ ಅಕ್ಕಿ ಗಿರಣಿಯೊಂದರಲ್ಲಿ ಮೂಟೆ ಹೊರುತ್ತಿದ್ದರು. ನಮ್ಮ ವಂಶದಲ್ಲಿ ಸಹಿ ಹಾಕಲು ಕಲಿತವರಲ್ಲಿ ನಾನೇ ಮೊದಲು. ಹಗಲು ಹೋಟೆಲಿನಲ್ಲಿ ಸಪ್ಲೈಯರ್, ಸಂಜೆ ಕಾಲೇಜು. ಹಾಗೆ ಬಿ.ಎ. ಮುಗಿಸಿ, ಪರೀಕ್ಷೆ ಬರೆದು, ದಿಲ್ಲಿಯ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾದೆ. ಹೆಂಡತಿಯ ಕಡೆಯವರಾದರೋ ಮೂರು ತಲೆಮಾರಿನಿಂದ ಓದಿದವರು. ಅವರ ಮನೆಯ ಬೆಕ್ಕೂ ಎಸ್ಸೆಸ್ಸೆಲ್ಸಿ ಪಾಸಾಗಿರಬಹುದೆಂದು ನನ್ನ ಅನುಮಾನ. ಅಂಥ ಮನೆಯಿಂದ, ಅದೂ ಸ್ವತಃ ಮಾವನವರಿಂದ, ಒಂದು ಜನವರಿಯ ಸಂಜೆ ಜನಕಪುರಿಯ ನಮ್ಮ ಬಾಡಿಗೆ ಮನೆಗೆ ಫೋನು ಬಂತು.

"ಅಳಿಯಂದ್ರೇ, ನಮ್ಮ ತಮ್ಮನಿಗೆ ತಲೆ ಕೆಟ್ಟಿದೆಯಂತೆ."

"ಯಾರು ಹೇಳಿದ್ರು ಮಾವ?"

"ಅವನ ಅಪಾರ್ಟ್‌ಮೆಂಟ್ ಸೊಸೈಟಿ ಸೆಕ್ರೆಟರಿ, ಯಾರೋ ಚಡ್ಡಾ ಅಂತೆ. ಹಿಂದೀಲಿ ಕಾಲು ಗಂಟೆ ಮಾತಾಡಿದ. ನನಗೆ ಅರ್ಥ ಆಗಿದ್ದು 'ಭೂತ್', 'ರಿಮೋಟ್', 'ಟ್ರಕ್', ಮೂರೇ ಮಾತು. ಇವನೇನೋ ರಿಮೋಟ್ ಟ್ರಕ್ ಓಡಿಸಿ ಜನರನ್ನ ಹೆದರಿಸ್ತಾನಂತೆ. ನೀವು ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ. ಸರಿ ಇದಾನೆ ಅಂದ್ರೆ ಇರ್ಲಿ. ಇಲ್ಲ ಅಂದ್ರೆ ತಿಂಗಳ ಕೊನೆಗೆ ನಾನೇ ರೈಲು ಹತ್ತಿ ಬಂದು, ಮನೆಗೆ ಬೀಗ ಹಾಕಿ, ಗಂಡ ಹೆಂಡ್ತಿ ಇಬ್ಬರನ್ನೂ ತುಮಕೂರಿಗೆ ಕರ್ಕೊಂಡು ಬಂದ್ಬಿಡ್ತೀನಿ. ನೀವು ಹೇಳಿದ್ದೇ ಕೊನೆ ಮಾತು."

"ಮಾವ, ನಾನು ಓದಿರೋದು ಬಿ.ಎ. ಅದೂ ಇತಿಹಾಸ."

"ಇತಿಹಾಸ ತಾನೇ? ಅವನ ಹುಚ್ಚಿಗೂ ನಲವತ್ತು ವರ್ಷದ ಇತಿಹಾಸ ಇದೆ. ಹೋಗಿ."

ಫೋನಿಡುವ ಮುನ್ನ ಇನ್ನೊಂದು ಮಾತು ಸೇರಿಸಿದರು. "ಅವನ ಹೆಂಡ್ತೀನೂ ಅಷ್ಟೇ ನೋಡಿ. ಈ ಮನೆ ಬಿಟ್ಟು ಎಲ್ಲಿಗೂ ಬರಲ್ಲ ಅಂತ ಒಂದೇ ಹಟ. ಅವನ ಗಾಳಿ ಅವಳಿಗೂ ಸೋಕಿರ್ಬೇಕು."

ನಲವತ್ತು ವರ್ಷದ ಇತಿಹಾಸ ಎಂದರಲ್ಲ, ಅದು ಸುಳ್ಳೇನಲ್ಲ. ಚಿಕ್ಕಪ್ಪ ದಿಲ್ಲಿಯಲ್ಲಿ ಅಳತೆ ಮತ್ತು ತೂಕದ ಇಲಾಖೆಯಲ್ಲಿದ್ದು ನಿವೃತ್ತರಾದವರು. ಮದುವೆ ಮನೆಯಲ್ಲಿ ಬಡಿಸುವವನ ಸೌಟನ್ನೂ ಅನುಮಾನದಿಂದಲೇ ನೋಡುವವರು. ಅದಾದರೂ ಹೋಗಲಿ; ಅವರ ನಡಿಗೆ! ಹೊರಟ ಬಸ್ಸನ್ನು ಹಿಡಿಯುವವನ ನಡಿಗೆ ಅದು, ಬಸ್ಸಿಲ್ಲದಿದ್ದರೂ. ಚಿಕ್ಕಮ್ಮ ಯಾವಾಗಲೂ ಹತ್ತು ಮಾರು ಹಿಂದೆ. ಮದುವೆಯಾದ ಹೊಸದರಲ್ಲಿ ಇಬ್ಬರೂ ಕರೋಲ್ ಬಾಗಿನ ಪೇಟೆಗೆ ಹೋಗಿದ್ದರಂತೆ. ಚಿಕ್ಕಪ್ಪ ಮಾತಾಡುತ್ತಾ ಮಾತಾಡುತ್ತಾ ಮುಂದೆ ನಡೆದು, ಬಸ್ಸು ಹತ್ತಿ, ಮನೆಗೆ ಬಂದು, ಬೀಗದ ಕೈಗಾಗಿ ಜೇಬು ತಡಕಿದರಂತೆ. ಬೀಗದ ಕೈ ಹೆಂಡತಿಯ ಹತ್ತಿರ. ಹೆಂಡತಿ ಕರೋಲ್ ಬಾಗಿನಲ್ಲಿ! ಆಗ ನೆನಪಾಯಿತಂತೆ, ಮದುವೆಯಾಗಿದೆ ಎಂದು. "ನಾನು ಇವರ ಮುಖಕ್ಕಿಂತ ಬೆನ್ನನ್ನೇ ಜಾಸ್ತಿ ನೋಡಿರೋದು ಕಣೇ" ಎಂದು ಚಿಕ್ಕಮ್ಮ ನನ್ನ ಹೆಂಡತಿ ಸುಮಾಳ ಹತ್ತಿರ ಎಷ್ಟೋ ಸಲ ಹೇಳಿ ನಕ್ಕಿದ್ದಾರೆ.

ಆ ಭಾನುವಾರ ನಸುಕಿಗೇ ಹೊರಟೆ. ನಮ್ಮ ಕಡೆಯ ಮೆಟ್ರೋ ಆಗಿನ್ನೂ ಯಮುನೆಯನ್ನು ದಾಟಿರಲಿಲ್ಲ. ಇಂದ್ರಪ್ರಸ್ಥದಲ್ಲಿ ಇಳಿದು, ಬಸ್ಸು ಹಿಡಿದು, ಕೊನೆಗೊಂದು ಶೇರ್ ಆಟೋದಲ್ಲಿ ಅರ್ಧ ಕೂತು ಅರ್ಧ ನೇತಾಡಿ ಇಂದಿರಾಪುರಂ ಸೇರುವಾಗ ಎಂಟು ಗಂಟೆ. ಎಂಟಾದರೇನು, ಸೂರ್ಯನ ಸುಳಿವಿಲ್ಲ. ಚಾಚಿದ ಕೈಯ ತುದಿಯ ಬೆರಳುಗಳು ನನ್ನವೋ ಬೇರೆ ಯಾರವೋ ತಿಳಿಯದಂಥ ಮಂಜು. ಕಟ್ಟುತ್ತ ಕಟ್ಟುತ್ತ ನಿಲ್ಲಿಸಿದ ಹನ್ನೆರಡಂತಸ್ತಿನ ಗೋಪುರಗಳು ಎರಡೂ ಕಡೆ. ಕಿಟಕಿಯ ಚೌಕಟ್ಟಿಲ್ಲದ ತೂತುಗಳು ಸಾಲಾಗಿ, ಕಣ್ಣು ಕಿತ್ತ ಮುಖಗಳ ಹಾಗೆ. ಚಿಕ್ಕಪ್ಪ ಇದ್ದ ಗೋಪುರದಲ್ಲೂ ನಲವತ್ತೆಂಟು ಮನೆಗಳಲ್ಲಿ ಜನ ಬಂದಿದ್ದದ್ದು ಹನ್ನೊಂದಕ್ಕೆ ಮಾತ್ರ.

ಗೇಟಿನಲ್ಲಿ ಚೌಕಿದಾರ ತಿವಾರಿ ಬೆಂಕಿಗೆ ಮೈ ಕಾಯಿಸಿಕೊಳ್ಳುತ್ತಿದ್ದ. ಟ್ರಕ್‌ನ ಬಗ್ಗೆ ಕೇಳಿದ್ದೇ ತಡ, ಕಂಬಳಿಯನ್ನು ಮೂಗಿನವರೆಗೂ ಎಳೆದುಕೊಂಡ.

"ಸಾಬ್, ವೋ ಗಾಡಿ ನಹೀಂ ಹೈ."

ಗಾಡಿಯೇ ಅಲ್ಲವಂತೆ!

"ಪಾಯಲ್ ಕೀ ಆವಾಜ್ ಆತೀ ಹೈ."

ಗೆಜ್ಜೆ ಸದ್ದು ಬರುತ್ತದಂತೆ!

"ಔರ್ ಉಸ್‌ಕೇ ಪೀಛೇ... ಏಕ್ ಔರತ್."

ಅದರ ಹಿಂದೆ ಒಬ್ಬ ಹೆಂಗಸಂತೆ! ಯಾವ ಹೆಂಗಸು, ಹೇಗಿದ್ದಾಳೆ ಎಂದು ಕೇಳಿದೆ. "ದೇಖಾ ನಹೀಂ ಸಾಬ್. ಆಪ್ ಭೀ ಮತ್ ದೇಖನಾ" ಎಂದ. ತಾನು ನೋಡಿಲ್ಲ, ನೀವೂ ನೋಡಬೇಡಿ! ಇಷ್ಟು ಹೇಳಿ ಬೆಂಕಿಗೆ ಇನ್ನೊಂದು ತುಂಡು ರಟ್ಟು ಹಾಕಿದ, ವಿಚಾರಣೆ ಮುಗಿಯಿತು ಎಂಬಂತೆ.

ನಾನು ಇತಿಹಾಸದ ವಿದ್ಯಾರ್ಥಿ. ಆಧಾರವಿಲ್ಲದೆ ಯಾವುದನ್ನೂ ನಂಬುವವನಲ್ಲ. ಹಾಗಂದುಕೊಂಡು ಒಳರಸ್ತೆಯಲ್ಲಿ ಐವತ್ತು ಹೆಜ್ಜೆ ಹಾಕಿದ್ದೆ. ಮಂಜಿನೊಳಗಿಂದ ಸದ್ದು ಬಂತು. ಯಾರೋ ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದಾರೇನೋ ಎಂಬಂಥ ಸಣ್ಣ ಕುಂಯ್‌ಗುಟ್ಟುವ ಸದ್ದು. ಅದರೊಟ್ಟಿಗೆ, ಘಲ್. ಸ್ವಲ್ಪ ಬಿಟ್ಟು, ಘಲ್. ನನ್ನ ಕಾಲು ನಿಂತಿತು. ಸದ್ದು ನಿಲ್ಲಲಿಲ್ಲ. ಬಿಳಿ ಗೋಡೆಯಂಥ ಮಂಜಿನ ಬುಡದಲ್ಲಿ ಮೊಣಕಾಲೆತ್ತರಕ್ಕಿಂತ ಕೆಳಗೆ ಎರಡು ಕೆಂಪು ಚುಕ್ಕೆ ಮೂಡಿದವು. ಹತ್ತಿರ ಬಂದವು. ನನ್ನ ಬೂಟಿನ ಮುಂದೆ ನಿಂತವು. ನಾಯಿ ಮೂಸಿ ನೋಡುವಷ್ಟು ಹೊತ್ತು ನಿಂತು, ಒಂದು ಗೇಣು ಹಿಂದೆ ಸರಿದು, ನನ್ನನ್ನು ಬಳಸಿಕೊಂಡು, ಘಲ್, ಘಲ್, ನನ್ನ ಬೆನ್ನ ಹಿಂದಿನ ಮಂಜಿನೊಳಗೆ ಹೋಗಿಬಿಟ್ಟವು!

ನಾನು "ಅವ್ವಾ!" ಎಂದದ್ದು ಆಗಲೇ.

ಕೂಗಿಗೆ ಉತ್ತರವೆಂಬಂತೆ ಮಂಜಿನಿಂದ ಮಂಕಿ ಟೋಪಿಯೊಂದು ಹೊರಬಂತು. ಟೋಪಿಯ ಕೆಳಗೆ ಚಿಕ್ಕಪ್ಪ. ಕೊರಳಲ್ಲಿ ರಿಮೋಟಿನ ಪಟ್ಟಿ. ಬಂದಿರಾ ಇಲ್ಲ, ಚೆನ್ನಾಗಿದ್ದೀರಾ ಇಲ್ಲ. "ಹದಿಮೂರು ಹಲ್ಲು ಅಳಿಯಂದ್ರೇ! ಇನ್ನೂ ಜಾಸ್ತಿನೇ!" ಎಂದರು.

ನಂತರ ಟ್ರಕ್ಕನ್ನು ವಾಪಸು ಕರೆಸಿ, ಒದ್ದೆ ರಸ್ತೆಯ ಮೇಲೇ ಕುಕ್ಕರುಗಾಲಲ್ಲಿ ಕೂತು, ಅದರ ಮೇಲ್ಹೊದಿಕೆ ಕಳಚಿ ಪಾಠ ಶುರು ಮಾಡಿದರು. ಮೋಟಾರಿನ ತುದಿಯಲ್ಲಿ ಒಂದು ಪುಟ್ಟ ಹಲ್ಲಿನ ಚಕ್ರ. ಅದು ಒಂದು ದೊಡ್ಡ ಹಲ್ಲಿನ ಚಕ್ರವನ್ನು ತಿರುಗಿಸುತ್ತದೆ. ಪುಟ್ಟ ಚಕ್ರಕ್ಕೆ ಹಲ್ಲು ಹೆಚ್ಚಾದಷ್ಟೂ ಗಾಡಿಯ ಓಟ ಹೆಚ್ಚು, ಮೋಟಾರಿನ ಬಿಸಿಯೂ ಹೆಚ್ಚು. ಹಲ್ಲು ಕಡಿಮೆಯಾದರೆ ನಿಧಾನ, ತಣ್ಣಗೆ. ಇಪ್ಪತ್ತು ಹಲ್ಲಿನಿಂದ ಶುರು ಮಾಡಿ ಇಳಿಯುತ್ತ ಇಳಿಯುತ್ತ ಹದಿಮೂರಕ್ಕೆ ಬಂದಿದ್ದರು.

"ಬೆರಳಿಡಿ ಇಲ್ಲಿ, ಮೋಟಾರಿನ ಮೇಲೆ. ಐದು ಎಣಿಸೋವರೆಗೂ ಇಡೋಕಾದ್ರೆ ಮೋಟಾರು ಸುಖವಾಗಿದೆ ಅಂತ ಅರ್ಥ."

ಇಟ್ಟೆ. ಎರಡಕ್ಕೇ ಕಿತ್ತೆ. ಪದವಿ ಪ್ರಮಾಣಪತ್ರ ಹಿಡಿದ ಬೆರಳು, ಬೊಬ್ಬೆ ಬಂತು!

"ನೋಡಿದ್ರಾ? ಸುಖವಾಗಿಲ್ಲ" ಎಂದರು ಚಿಕ್ಕಪ್ಪ, ತೃಪ್ತಿಯಿಂದ. "ಇದು ಬ್ರಶ್ ಇಲ್ಲದ ಮೋಟಾರು. ಓಡೋದ್ರಲ್ಲಿ ಹುಲಿ. ನಿಧಾನಕ್ಕೆ ಹೊರಡು ಅಂದ್ರೆ ಮಾತ್ರ ತಡವರಿಸುತ್ತೆ, ನಡುಗುತ್ತೆ, ನಿಂತೇ ಹೋಗುತ್ತೆ."

"ಹಾಗಿದ್ರೆ ಬ್ರಶ್ ಇರೋದನ್ನೇ ಹಾಕಿ ಚಿಕ್ಕಪ್ಪ."

"ಬ್ರಶ್ಶು ಅಂದ್ರೆ ಒಳಗಿರೋ ಇದ್ದಿಲ ತುಂಡು, ಉಜ್ಜಿ ಉಜ್ಜಿ ಸವೆದು ಹೋಗುತ್ತೆ. ಇದು ನನಗಿಂತ ಜಾಸ್ತಿ ದಿನ ಬಾಳ್ಬೇಕು."

"ಹಾಗಿದ್ರೆ ಓಡಿಸೇ ಬಿಡಿ ಇದನ್ನ!"

ಚಿಕ್ಕಪ್ಪ ನನ್ನನ್ನು ಕನಿಕರದಿಂದ ನೋಡಿದರು. "ಓಡೋಕೆ ಈ ಮನೇಲಿ ನಾನೊಬ್ಬ ಸಾಲದಾ?"

ಮೂರನೇ ಮಹಡಿಯ ಅವರ ಮನೆಯ ಬಾಗಿಲು ತೆರೆದರೆ ಒಳಗೆ ಹೊರಗಿನಷ್ಟೇ ಕತ್ತಲೆ. ದೀಪ ಹಾಕಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಕತ್ತಲೆಯ ಒಂದು ಮೂಲೆಯಿಂದ ಮಾತು ಬಂತು.

"ಬಾಪ್ಪ. ಎಡಗಾಲಿನ ಬೂಟು ಹೊಲಿಗೆ ಬಿಟ್ಟಿದೆಯಲ್ಲೋ."

ನೋಡಿಕೊಂಡೆ. ಬಿಟ್ಟಿತ್ತು! ನನಗೇ ಗೊತ್ತಿರಲಿಲ್ಲ. ಮೂಲೆಯ ಕುರ್ಚಿಯಲ್ಲಿ ಶಾಲು ಹೊದ್ದು ಚಿಕ್ಕಮ್ಮ ಕೂತಿದ್ದರು. ನನ್ನ ಕಡೆಗೆ ನಗುತ್ತಿದ್ದರು. ಸರಿಯಾಗಿ ಹೇಳಬೇಕೆಂದರೆ, ನನ್ನ ಭುಜದಿಂದ ಒಂದು ಗೇಣು ಆಚೆಗೆ ನಗುತ್ತಿದ್ದರು. ನಾನು ಹಿಂತಿರುಗಿ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ.

"ಸಣ್ಣಗಾಗಿದ್ದೀಯ ಕಣೋ" ಎಂದರು. ಮದುವೆಯಾದ ಮೇಲೆ ನಾನು ಹತ್ತು ಕಿಲೋ ದಪ್ಪಗಾಗಿದ್ದೇನೆ! ಹೊಟ್ಟೆಯನ್ನು ಎಳೆದುಕೊಂಡು ಕುರ್ಚಿಯೊಂದನ್ನು ಹತ್ತಿರ ಸರಿಸಿದೆ. "ಆಂ! ಆಂ!" ಎಂದು ಚಿಕ್ಕಪ್ಪ ಎಗರಿ ಬಂದು ಅದನ್ನು ಕಸಿದರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಪುಟ್ಟ ಗುರುತು. ಕುರ್ಚಿಯ ನಾಲ್ಕು ಕಾಲುಗಳನ್ನೂ ಗುರುತಿನ ಮೇಲೇ ಕೂರಿಸಿ ಉಸಿರು ಬಿಟ್ಟರು. ನೋಡಿದರೆ ಮನೆಯ ಪ್ರತಿಯೊಂದು ಸಾಮಾನಿನ ಕೆಳಗೂ ಸೀಮೆಸುಣ್ಣ!

"ಅಳತೆ ಇಲಾಖೆ ಅಲ್ವಾ ಅಳಿಯಂದ್ರೇ" ಎಂದರು. "ಅಭ್ಯಾಸ."

ಚಿಕ್ಕಮ್ಮ ಕತ್ತಲೆಯ ಅಡುಗೆಮನೆಯಲ್ಲೇ ಕಾಫಿ ಮಾಡಿ ತಂದರು. ಲೋಟ ಅಂಚಿನವರೆಗೂ ತುಂಬಿತ್ತು, ಒಂದು ಹನಿ ಚೆಲ್ಲಿರಲಿಲ್ಲ. ಅವರ ತೋರುಬೆರಳು ಮಾತ್ರ ಲೋಟದ ಒಳಗಡೆ, ಕಾಫಿಗೆ ತಾಗಿಕೊಂಡಿತ್ತು. ಇಷ್ಟು ಓದಿದ ಮನೆಯವರು! ಎಂದುಕೊಂಡೆ. ಆದರೆ ಹೋಟೆಲಿನಲ್ಲಿ ನಾನೇ ಹಾಗೆ ಮೂರು ಮೂರು ಲೋಟ ಹಿಡಿದು ತಂದವನು; ಸುಮ್ಮನೆ ಕುಡಿದೆ. ಸುಮಾ ಕಳಿಸಿದ್ದ, ಅವಳ ಅಕ್ಕನ ಮಗುವಿನ ನಾಮಕರಣದ ಪತ್ರಿಕೆಯನ್ನು ಕೊಟ್ಟೆ. ಚಿಕ್ಕಮ್ಮ ಅದನ್ನು ಸವರಿ, ನನಗೇ ವಾಪಸು ಚಾಚಿದರು.

"ನೀನೇ ಓದಪ್ಪ. ನೀನು ಓದಿದ್ರೆ ಕೇಳೋಕೆ ಚೆಂದ."

ಓದು ಎಂದು ಹೇಳಿಸಿಕೊಂಡರೆ ನನಗೆ ಕೋಡು ಮೂಡುತ್ತದೆ. ಸುಮುಹೂರ್ತದಿಂದ ಹಿಡಿದು ಮುದ್ರಣಾಲಯದ ಹೆಸರಿನವರೆಗೂ ರಾಗವಾಗಿ ಓದಿದೆ. ಎಲ್ಲೋ ಮನಸ್ಸಿನ ತಳದಲ್ಲಿ ಈ ಮಾತನ್ನು ಮೊದಲೂ ಕೇಳಿದ್ದೇನಲ್ಲ ಅನ್ನಿಸಿತು. ಎಲ್ಲಿ ಎಂದು ನೆನಪಾಗಲಿಲ್ಲ.

ಚಿಕ್ಕಪ್ಪ ಕೈ ತೊಳೆಯಲು ಹೋದಾಗ ಟೀಪಾಯಿಯ ಮೇಲಿದ್ದ ಅವರ ಪುಸ್ತಕವನ್ನು ಕದ್ದು ನೋಡಿದೆ. ಟ್ರಕ್‌ನ ಪರೀಕ್ಷೆಯ ಲೆಕ್ಕ. ಒಂದೊಂದು ದಿನಕ್ಕೆ ಒಂದೊಂದು ಸಾಲು. ಹಲ್ಲು ಎಷ್ಟು, ಬಿಸಿ ಎಷ್ಟು, ಎಲ್ಲ ಸರಿ. ಆದರೆ ವೇಗದ ಕೆಳಗೆ? ಗ್ರಾಮಿನ ನೂರನೇ ಒಂದು ಭಾಗಕ್ಕೆ ಅಂಗಡಿಯವರನ್ನು ಅಳಿಸಿದ ಮನುಷ್ಯ, ವೇಗವನ್ನು ಹೆಜ್ಜೆಯಲ್ಲಿ ಬರೆದಿದ್ದರು! "ನಿಮಿಷಕ್ಕೆ ಎಪ್ಪತ್ತು ಹೆಜ್ಜೆ." ಅದರ ಪಕ್ಕದ ಸಾಲುಗಳನ್ನು ಎರಡೆರಡು ಸಲ ಓದಿದೆ.

"ಹದಿನೈದು ಹಲ್ಲು. ಎರಡು ಸಲ ನಿಂತಳು."

"ಹದಿನಾಲ್ಕು ಹಲ್ಲು. ಹೆದರಿದಳು."

"ಹದಿಮೂರು. ಗೆಜ್ಜೆ ಕಟ್ಟಿದ ಮೇಲೆ ಹಿಂದೆ ಬಂದಳು."

ಯಾರು ಬಂದಳು? ಯಾರ ಹಿಂದೆ?

ಜನಕಪುರಿಗೆ ವಾಪಸು ಬಂದು ಸುಮಾಳಿಗೆ ಎಲ್ಲವನ್ನೂ ಹೇಳಿದೆ. ಅವಳೂ ಪದವೀಧರೆಯೇ, ಅದೂ ವಿಜ್ಞಾನ. ಎಲ್ಲವನ್ನೂ ಗಂಭೀರವಾಗಿ ಕೇಳಿ, ಕೊನೆಗೆ ಅಡುಗೆಮನೆಗೆ ಹೋಗಿ ಒಂದು ನಿಂಬೆಹಣ್ಣು ತಂದು ನನ್ನ ಸ್ವೆಟರಿನ ಜೇಬಿಗೆ ಹಾಕಿದಳು.

"ಇದೇನೇ?"

"ಮುಂದಿನ ವಾರ ಹೋಗ್ತೀರಲ್ಲ, ಇಟ್ಕೊಂಡಿರಿ."

"ಬಿ.ಎಸ್ಸಿ. ಓದಿದೋಳು ನೀನು!"

"ಅದಕ್ಕೇ ಒಂದೇ ಕೊಟ್ಟಿರೋದು. ನಮ್ಮಜ್ಜಿ ಆಗಿದ್ರೆ ಐದು ಕೊಡ್ತಿದ್ರು."

ತಿಂಗಳ ಕೊನೆ ಹತ್ತಿರವಾಗುತ್ತಿತ್ತು. ಮಾವ ರೈಲಿನ ಟಿಕೆಟು ಮಾಡಿಸಲೋ ಬೇಡವೋ ಎಂದು ಎರಡು ಸಲ ಕೇಳಿದ್ದರು. ನಾನು ಒಂದು ತೀರ್ಮಾನಕ್ಕೆ ಬಂದೆ. ಈ ಸಲ ಟ್ರಕ್ ಎದುರಿಗೆ ಬಂದರೆ ಹೆದರುವುದಿಲ್ಲ. ಹಿಡಿದೆತ್ತಿ, ಸ್ವಿಚ್ಚು ಆರಿಸಿ, ಕಂಕುಳಲ್ಲಿಟ್ಟುಕೊಂಡು, ಚಿಕ್ಕಪ್ಪನ ಹತ್ತಿರ ಓದಿದವನ ಹಾಗೆ ನೇರವಾಗಿ ಮಾತಾಡುವುದು. ಎಂಥ ಅದ್ಭುತ ಯೋಜನೆ! ನನ್ನ ಬದುಕಿನಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಅದೇ.

ಮುಂದಿನ ಭಾನುವಾರ ಮಂಜು ಇನ್ನೂ ದಟ್ಟ. ಗೇಟಿನಲ್ಲಿ ತಿವಾರಿ ಇರಲಿಲ್ಲ. ಬೆಂಕಿ ಮಾತ್ರ ಉರಿಯುತ್ತಿತ್ತು. ಒಳರಸ್ತೆಯ ತಿರುವಿನಲ್ಲಿ, ಹೊರಗಿನ ಹಾಲಿನ ಬೂತಿಗೆ ಹೋಗುವ ದಾರಿಯಲ್ಲಿ, ಕಂಬಕ್ಕೆ ಒರಗಿ ಕಾದೆ. ನಿಂಬೆಹಣ್ಣು ಜೇಬಿನಲ್ಲಿ ತಣ್ಣಗೆ ಕೂತಿತ್ತು. ಬಂತು. ಕುಂಯ್‌ಗುಟ್ಟುವ ಸದ್ದು ಈ ಸಲ ಹೆಚ್ಚು ಮೆತ್ತಗಿತ್ತು, ಗೆಜ್ಜೆ ಹೆಚ್ಚು ನಿಧಾನ. ಘಲ್... ಘಲ್... ಕೆಂಪು ಚುಕ್ಕೆಗಳು ಮೂಡಿದ್ದೇ ತಡ, ಬಗ್ಗಿ ಎರಡೂ ಕೈಯಲ್ಲಿ ಹಿಡಿದೆತ್ತಿದೆ. ಚಕ್ರಗಳು ಗಾಳಿಯಲ್ಲಿ ಒದ್ದಾಡಿದವು. ಹೊಟ್ಟೆಯ ಕೆಳಗೆ ಸ್ವಿಚ್ಚು ಸಿಕ್ಕಿತು. ಆರಿಸಿದೆ.

ಅಂಥ ನಿಶ್ಶಬ್ದವನ್ನು ನಾನು ಕೇಳಿಲ್ಲ. ಮಂಜು ಉಸಿರು ಹಿಡಿದ ಹಾಗೆ. ಆಮೇಲೆ, ಬಹಳ ಹತ್ತಿರದಿಂದ, ಒಂದು ಹೆಂಗಸಿನ ದನಿ.

"ಯಾಕ್ರೀ ನಿಂತ್ರಿ?"

ನಾನು ಒಂದು ಕೈಯಲ್ಲಿ ಜೇಬಿನ ನಿಂಬೆಹಣ್ಣಿಗೆ ತಡಕಿದೆ.

"ರೀ... ಎಲ್ಲಿದೀರಿ?"

ಮಂಜಿನಿಂದ ಮೊದಲು ಒಂದು ಕೈ ಬಂತು. ಬೆರಳುಗಳನ್ನು ಅಗಲಿಸಿಕೊಂಡು, ಗಾಳಿಯನ್ನು ಸವರುತ್ತ. ಆಮೇಲೆ ಬಿಳಿ ಶಾಲು. ಆಮೇಲೆ ಎರಡು ಕಣ್ಣು, ಅಗಲವಾಗಿ ತೆರೆದುಕೊಂಡು, ನನ್ನನ್ನು ದಾಟಿ ಆಚೆಗೆ ನೋಡುತ್ತ. ಕೈ ನನ್ನ ಎದೆಗೆ ತಾಗಿತು. ಮೇಲೇರಿತು. ಐಸಿನಂಥ ಬೆರಳುಗಳು ನನ್ನ ಗಲ್ಲ, ಮೂಗು, ಹಣೆಯ ಮೇಲೆ ಒಂದೊಂದಾಗಿ ನಡೆದವು. ನಾನು ಟ್ರಕ್ಕನ್ನು ಎದೆಗವುಚಿಕೊಂಡು ಕಂಬಕ್ಕೆ ಅಂಟಿ ನಿಂತಿದ್ದೆ.

"ಓ, ನೀನಾ" ಎಂದರು ಚಿಕ್ಕಮ್ಮ. ಬೆರಳುಗಳು ನನ್ನ ಗಲ್ಲದ ಮೇಲೆ ಇನ್ನೊಂದು ಕ್ಷಣ ನಿಂತವು. "ಅಯ್ಯೋ, ದಪ್ಪಗಾಗಿದ್ದೀಯಲ್ಲೋ!"

ಅವರ ಹಿಂದೆ, ಎರಡೇ ಹೆಜ್ಜೆ ದೂರದಲ್ಲಿ, ರಿಮೋಟು ಹಿಡಿದು ಚಿಕ್ಕಪ್ಪ ನಿಂತಿದ್ದರು. ಅವರ ಮುಖ ನೋಡಿ ನನಗೆ ಎಲ್ಲವೂ ಒಟ್ಟಿಗೆ ತಿಳಿಯಿತು. ಸದ್ದಿನಿಂದಲೇ ತಿಳಿದ ಬೂಟಿನ ಹೊಲಿಗೆ. ಕತ್ತಲೆಯಲ್ಲಿ ಕಾಫಿ. ಲೋಟದೊಳಗಿನ ಬೆರಳು. ಸೀಮೆಸುಣ್ಣ. ನನ್ನ ಭುಜದ ಆಚೆಗಿನ ನಗು. "ನೀನೇ ಓದಪ್ಪ."

ಚಿಕ್ಕಮ್ಮ ಕೈ ಹಿಂದಕ್ಕೆಳೆದುಕೊಂಡು ಶಾಲು ಸರಿಮಾಡಿಕೊಂಡರು. "ಮಂಜು ಜಾಸ್ತಿ ಕಣಪ್ಪ. ಕಾಣ್ಲಿಲ್ಲ."

ಮಂಜಿನ ಕಾಲದಲ್ಲೇ ಈ ಅಭ್ಯಾಸ ಯಾಕೆ ಎಂದು ಆ ಕ್ಷಣದಲ್ಲಿ ಅರ್ಥವಾಯಿತು. ಜನವರಿಯ ಬೆಳಿಗ್ಗೆ ದಿಲ್ಲಿಯಲ್ಲಿ ಎಲ್ಲರೂ ಕೈ ಚಾಚಿಕೊಂಡೇ ನಡೆಯುತ್ತಾರೆ. ಯಾರಿಗೆ ಕಾಣುತ್ತದೆ, ಯಾರಿಗೆ ಕಾಣುವುದಿಲ್ಲ, ಯಾರೂ ಕೇಳುವುದಿಲ್ಲ.

"ಹೌದು ಚಿಕ್ಕಮ್ಮ" ಎಂದೆ. "ನನಗೂ ಕಾಣ್ಲಿಲ್ಲ."

"ಆನ್ ಮಾಡಿ ಅಳಿಯಂದ್ರೇ" ಎಂದರು ಚಿಕ್ಕಪ್ಪ, ಮೆಲ್ಲಗೆ. "ಕೆಳಗಿಡಿ. ಇನ್ನೂ ಇನ್ನೂರು ಹೆಜ್ಜೆ ಇದೆ."

ಇಟ್ಟೆ. ಟ್ರಕ್ ತಡವರಿಸಲಿಲ್ಲ, ನಡುಗಲಿಲ್ಲ. ಘಲ್ ಎಂದಿತು, ಹೊರಟಿತು. ಚಿಕ್ಕಮ್ಮ ಅದರ ಹಿಂದೆ ಹೊರಟರು, ಬೆನ್ನು ನೇರ ಮಾಡಿಕೊಂಡು, ಕೈಯಲ್ಲಿ ಹಾಲಿನ ಚೀಲ ತೂಗಿಸಿಕೊಂಡು.

ಬೂತಿನ ಮುಂದೆ ಚಿಕ್ಕಮ್ಮ ಸರದಿಯಲ್ಲಿ ನಿಂತಾಗ ಚಿಕ್ಕಪ್ಪ ಪಿಸುಗುಟ್ಟಿ ಹೇಳಿದರು. ನರದ ತೊಂದರೆ. ದೊಡ್ಡಾಸ್ಪತ್ರೆಯಲ್ಲಿ ತೋರಿಸಿದ್ದಾಯಿತು, ಹೋದ ದೃಷ್ಟಿ ಬರುವುದಿಲ್ಲ ಎಂದಿದ್ದಾರೆ. ಎರಡು ವರ್ಷದಿಂದ ಸ್ವಲ್ಪ ಸ್ವಲ್ಪವೇ. ಕಳೆದ ದೀಪಾವಳಿಗೆ ಪೂರ್ತಿ.

"ಕೈ ಹಿಡ್ಕೊಂಡು ಕರ್ಕೊಂಡು ಹೋಗಬಹುದಲ್ಲ ಚಿಕ್ಕಪ್ಪ?"

"ಹಿಡಿಸ್ಕೊಳ್ಳೋಳು ಸಿಗ್ಬೇಕಲ್ಲ! ಕೋಲು ಬೇಡ, ಕೈ ಬೇಡ. 'ನಲವತ್ತು ವರ್ಷ ನಿಮ್ಮ ಚಪ್ಪಲಿ ಸದ್ದಿನ ಹಿಂದೆ ನಡೆದಿದೀನಿ, ಈಗ್ಲೂ ನಡೀತೀನಿ, ಮುಂದೆ ಹೋಗಿ' ಅಂತಾಳೆ. ಹೋದೆ. ನನಗೆ ನಿಧಾನ ಬರಲ್ಲ ಅಳಿಯಂದ್ರೇ. ಎಷ್ಟು ಕಲಿತ್ರೂ ಬರಲ್ಲ. ಒಂದು ದಿನ ಹಿಂದಿರುಗಿ ನೋಡಿದ್ರೆ ಚರಂಡಿ ಪಕ್ಕ ಬಿದ್ದಿದ್ಲು. ಎಷ್ಟು ಹೊತ್ತಿಂದಲೋ. ಕೂಗೂ ಇಲ್ಲ." ಮೂಗು ಒರೆಸಿಕೊಂಡರು. "ಅದಕ್ಕೇ ಮುಂದೆ ಹೋಗೋಕೆ ಒಂದನ್ನ ಮಾಡಿದೆ. ನಾನು ಹಿಂದೆ ಇರ್ತೀನಿ."

ವಾಪಸು ಬರುವಾಗ ತಿರುವಿನಲ್ಲಿ ತಿವಾರಿ ಸಿಕ್ಕ. ಅಲ್ಲಿ ನಿಂತು, ಒಳಬರುತ್ತಿದ್ದ ಒಂದು ಕಾರನ್ನು ತಡೆದು, ಭೂತದ ಕಥೆ ಹೇಳುತ್ತಿದ್ದ! ಕಾರಿನವನು ಗಾಜು ಏರಿಸಿಕೊಂಡು ಇನ್ನೊಂದು ದಾರಿ ಹಿಡಿದ. ನಾನು ಅವನನ್ನು ದುರುಗುಟ್ಟಿ ನೋಡಿದೆ.

"ಭೂತ್ ಬೋಲೋ ತೋ ಲೋಗ್ ರಾಸ್ತಾ ಛೋಡ್ ದೇತೇ ಹೈಂ ಸಾಬ್" ಎಂದ ನಾಚಿಕೆಯಿಲ್ಲದೆ. ಭೂತ ಎಂದರೆ ಜನ ದಾರಿ ಬಿಡುತ್ತಾರೆ. ಕಣ್ಣಿಲ್ಲದ ಮಾತಾಜಿ ಎಂದರೆ ನೋಡಲು ಬಂದು ದಾರಿಗಡ್ಡ ನಿಲ್ಲುತ್ತಾರಂತೆ. ಸೊಸೈಟಿಯನ್ನೆಲ್ಲ ನಡುಗಿಸಿದ ಭೂತದ ಕರ್ತೃ ಇವನೇ! ಎರಡು ತಿಂಗಳಿಂದ ಅವನಿಗೆ ಗೊತ್ತಿತ್ತು. ಇಡೀ ಗೋಪುರಕ್ಕೆ ಹೇಳಿದ್ದು ಭೂತವೊಂದನ್ನೇ.

ಮನೆಗೆ ಬಂದ ಮೇಲೆ ಚಿಕ್ಕಮ್ಮ ಕೇಳಿದರು. "ನಿಮ್ಮ ಮಾವನಿಗೆ ಏನು ಹೇಳ್ತೀಯಪ್ಪ?"

ನಾನು ಕುರ್ಚಿಯನ್ನು ಸೀಮೆಸುಣ್ಣದ ಗುರುತಿನಿಂದ ಅಲುಗಿಸದೆ ಕೂತೆ.

"ಇಲ್ಲಿ ಅಡುಗೆಮನೆಗೆ ಹನ್ನೊಂದು ಹೆಜ್ಜೆ. ಬಾಲ್ಕನಿಗೆ ಒಂಬತ್ತು. ಯಾವ ಕುರ್ಚಿ ಎಲ್ಲಿದೆ ಗೊತ್ತು. ತುಮಕೂರಲ್ಲಿ ಎಲ್ಲರೂ ಒಳ್ಳೆಯೋರೇ. ಅದೇ ಕಷ್ಟ. 'ನೀವು ಏಳ್ಬೇಡಿ, ನಾವು ತರ್ತೀವಿ' ಅಂತಾರೆ. ಕೂತ ಜಾಗದಲ್ಲೇ ಕೂತಿರ್ಬೇಕು ನಾನು."

ನಮ್ಮಪ್ಪ ನೆನಪಾದರು. ದಾವಣಗೆರೆಯ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡಿನ ಕಡೆಗೆ ಕಣ್ಣು ಕಿರಿದು ಮಾಡಿ, ಪಕ್ಕದವರಿಗೆ, "ಕನ್ನಡಕ ಮರೆತು ಬಂದೆ ನೋಡ್ರಿ, ಯಾವೂರಿಂದು ಅದು?" ಎಂದು ಕೇಳುತ್ತಿದ್ದರು. ಅವರಿಗೆ ಕನ್ನಡಕ ಇರಲೇ ಇಲ್ಲ. ಕಣ್ಣು ಹದ್ದಿನ ಕಣ್ಣು. ಅಕ್ಷರ ಬರುತ್ತಿರಲಿಲ್ಲ, ಅಷ್ಟೇ. ನನ್ನ ಪದವಿ ಪ್ರಮಾಣಪತ್ರ ಬಂದ ದಿನ ಗಿರಣಿಯ ಧೂಳಿನ ಕೈಯನ್ನು ಪಂಚೆಗೆ ಒರೆಸಿಕೊಂಡು ಅದನ್ನು ಹಿಡಿದರು. ಬಹಳ ಹೊತ್ತು ನೋಡಿದರು. ಗಿರಣಿಯವರೆಲ್ಲ ಸುತ್ತ ನಿಂತಿದ್ದರು. ಆಮೇಲೆ ನನ್ನ ಕೈಗೆ ಕೊಟ್ಟು ಹೇಳಿದರು, "ನೀನೇ ಓದು. ನೀನು ಓದಿದ್ರೆ ಕೇಳಾಕ ಚೆಂದ." ಮೂರು ಸಲ ಓದಿಸಿದರು. ಯಾರೊಬ್ಬರಿಗೂ ಗೊತ್ತಾಗಲಿಲ್ಲ. ಗೊತ್ತಾಗಲು ನಾನು ಬಿಡಲಿಲ್ಲ.

ಅಲ್ಲಿಂದಲೇ ಮಾವನವರಿಗೆ ಫೋನು ಮಾಡಿದೆ.

"ಟಿಕೆಟ್ ಮಾಡಿಸ್ಬೇಡಿ ಮಾವ."

"ಹಾಗಾದ್ರೆ ಹುಚ್ಚಿಲ್ಲ ಅಂತೀರಾ?"

"ಹುಚ್ಚಿದೆ. ಪೂರ್ತಿ ಇದೆ. ಆದ್ರೆ ಅಳತೆ ತಪ್ಪಿಲ್ಲ."

"ಅವಳು ಹೇಗಿದಾಳೆ?"

ಚಿಕ್ಕಮ್ಮ ನನ್ನ ಕಡೆಗೆ ಕಿವಿ ಇಟ್ಟು ಕೂತಿದ್ದರು. "ಚೆನ್ನಾಗಿದಾರೆ ಮಾವ" ಎಂದೆ. "ಬೆಳಿಗ್ಗೆ ಹಾಲಿಗೆ ಅವರೇ ಹೋಗ್ತಾರೆ." ಇದರಲ್ಲಿ ಸುಳ್ಳು ಯಾವುದು ಹೇಳಿ? ಉಳಿದದ್ದನ್ನು ಹೇಳಬೇಕಾದವರು ಅವರು, ಬೇಕೆನಿಸಿದ ದಿನ.

ಚಡ್ಡಾ ಸಾಹೇಬರಿಗೆ ನಾನೇ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದುಕೊಟ್ಟೆ. ಸದರಿ ವಾಹನವು ಮನುಷ್ಯರಿಗಿಂತ ನಿಧಾನವಾಗಿ ಚಲಿಸುವುದೆಂದೂ, ಅಂಥ ವಾಹನವನ್ನು ನಿಷೇಧಿಸುವ ನಿಯಮ ಯಾವುದೆಂದು ತಿಳಿಸಬೇಕೆಂದೂ ಕೇಳಿದೆ. ಸೊಸೈಟಿಯ ನಿಯಮಾವಳಿಯಲ್ಲಿ ನಿಧಾನದ ಬಗ್ಗೆ ಒಂದಕ್ಷರವೂ ಇರಲಿಲ್ಲ! ಅವರು ಇನ್ನೂ ಹುಡುಕುತ್ತಿದ್ದಾರೆ.

ಆ ದಿನ ನಾನು ಹೊರಡುವಾಗ ಚಿಕ್ಕಪ್ಪ ಬೂಟು ಒರೆಸಲು ಬಾಲ್ಕನಿಗೆ ಹೋಗಿದ್ದರು. ಚಿಕ್ಕಮ್ಮ ಟೀಪಾಯಿ ತಡವಿ ಪುಸ್ತಕವನ್ನು ತೆಗೆದು ನನ್ನ ಕಡೆಗೆ ಚಾಚಿದರು.

"ದಿನಾ ಬಂದ ಮೇಲೆ ಇದರಲ್ಲಿ ಏನೋ ಗೀಚ್ತಾರೆ. ಇವತ್ತಿಂದು ಏನು ಬರೆದಿದಾರೆ? ನೀನೇ ಓದಪ್ಪ."

ಶಾಯಿ ಇನ್ನೂ ಹಸಿಯಾಗಿತ್ತು. ಓದಿದೆ.

"ಹನ್ನೊಂದು ಹಲ್ಲು. ಮೋಟಾರು ತಣ್ಣಗಿದೆ. ಹಾಲಿನ ಬೂತಿನವರೆಗೆ ಆರುನೂರ ನಲವತ್ತು ಹೆಜ್ಜೆ. ಅಳಿಯಂದಿರು ನಿಲ್ಲಿಸಿದ್ದು ಬಿಟ್ಟರೆ ಎಲ್ಲೂ ನಿಲ್ಲಲಿಲ್ಲ. ನಾನು ಹಿಂದೆಯೇ ಇದ್ದೆ."

ಚಿಕ್ಕಮ್ಮ ಬಾಲ್ಕನಿಯ ಕಡೆಗೆ ಮುಖ ತಿರುಗಿಸಿದರು.

"ಕೊನೇದು ಇನ್ನೊಂದ್ಸಲ ಓದು" ಎಂದರು.

ಮೂರು ಸಲ ಓದಿದೆ.